ಮೂರನೇ ಫೇಸಿನ ವೈಂಡಿಂಗ್

ನಮ್ಮೂರಿಗೆ ಎರಡು ದಾರಿ. ಒಂದು ಜಗಳೂರಿನಿಂದ ಬರುವ ಡಾಂಬರು ರಸ್ತೆ, ಇನ್ನೊಂದು ಕೆರೆ ಅಂಗಳದ ಕಡೆಯ ಬಂಡಿ ದಾರಿ. ಕೊರೊನಾದ ಎರಡನೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎರಡಕ್ಕೂ ಜಾಲಿಮುಳ್ಳು ಬಿತ್ತು. ಮುಳ್ಳು ಹಚ್ಚುವುದು ನಮಗೇನು ಹೊಸದಲ್ಲ. ರೋಗರುಜಿನ ಬಂದಾಗ ಹೊರಬೀಡು ಹೋಗುವುದು ನಮ್ಮ ಸೀಮೆಯ ಹಳೇ ಪದ್ಧತಿ. ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಊರಬಾಗಿಲಿಗೆ ಮುಳ್ಳು ಹಚ್ಚಿ ಹೊರಗೆ ಹೋಗಿ, ಹೊಲದಲ್ಲಿ ಅಡುಗೆ ಮಾಡಿ ಉಂಡು, ಹೊತ್ತು ಮುಳುಗುವಾಗ ವಾಪಸು ಬರುತ್ತದೆ. ಖಾಲಿ ಊರಲ್ಲಿ ಮಾರಿ ಒಬ್ಬಳೇ ಕೂತು ಬೇಸತ್ತು ಎದ್ದು ಹೋಗುತ್ತಾಳೆ ಎಂಬ ನಂಬಿಕೆ. ಈ ಸಲ ಮಾತ್ರ ನಾವು ಮುಳ್ಳು ಹಚ್ಚಿ ಒಳಗೇ ಉಳಿದೆವು.

"ಮಾರಿ ಹೊರಗೈತೆ, ನಾವು ಒಳಗಿರಾಣ. ಅಷ್ಟೇ ವ್ಯತ್ಯಾಸ" ಅಂದರು ನಮ್ಮೂರ ಗೌಡರು.

ನಾನು ಆ ಊರಿನ ನೀರುಗಂಟಿ. ಪಂಚಾಯ್ತಿ ಬೋರಿನ ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಓಣಿ ಓಣಿಗೆ ವಾಲ್ ತಿರುಗಿಸಿ ನೀರು ಬಿಡುವುದು ನನ್ನ ಕೆಲಸ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ ಇದೆಯಲ್ಲ, ನೀರಿಗೆ ಬಂದವಳು ನೀರುಗಂಟಿಯನ್ನು ಬೈಯದೆ ಹೋಗುತ್ತಾಳೆಯೇ ಎಂದು ನಾನು ಅದಕ್ಕೆ ಇನ್ನೊಂದು ಸಾಲು ಸೇರಿಸಿದ್ದೆ. ಬೈಸಿಕೊಂಡು ಬೈಸಿಕೊಂಡು ಚರ್ಮ ದಪ್ಪಗಾಗಿತ್ತು. ಆ ಬೇಸಿಗೆಗೆ ಮುಂಚೆ ಯಾರಾದರೂ ನನ್ನನ್ನು ನಾಚಿಕೆ ಇಲ್ಲದವನು ಅಂದಿದ್ದರೆ ಹೂಂ ಅಂದು ನಕ್ಕುಬಿಡುತ್ತಿದ್ದೆ.

ಮೊದಲ ಹತ್ತು ದಿನ ನಮಗೆ ನಾವೇ ಭೇಷ್ ಅಂದುಕೊಂಡೆವು. ಜೋಳ, ಸಜ್ಜೆ, ಕಡಲೆ ಮನೆಮನೆಯಲ್ಲಿ ಇತ್ತು. ಇಲ್ಲದವರ ಪಟ್ಟಿ ಮಾಡಿ ಗುಡಿಯ ಕಟ್ಟೆ ಮೇಲೆ ರಾಶಿ ಹಾಕಿ ಅಳೆದು ಕೊಟ್ಟೆವು. ಹಿಟ್ಟಿನ ಗಿರಣಿ ಕರೆಂಟಿದ್ದ ಹೊತ್ತು ಒಂದೊಂದು ಓಣಿಗೆ. ಹಾಲು ಡೈರಿಗೆ ಹೋಗುತ್ತಿರಲಿಲ್ಲವಾದ್ದರಿಂದ ಹುಡುಗರೆಲ್ಲ ಗಟ್ಟಿ ಮಜ್ಜಿಗೆ ಕುಡಿದು ಗುಂಡಗಾದವು. ಉಪ್ಪು, ಬೆಂಕಿಪೊಟ್ಟಣ, ಬಿಪಿ ಸಕ್ಕರೆ ಕಾಯಿಲೆಯವರ ಮಾತ್ರೆ, ಬ್ಲೀಚಿಂಗ್ ಪೌಡರ್, ಈ ನಾಲ್ಕೇ ಸಾಮಾನು ಹೊರಗಿನಿಂದ. ವಾರಕ್ಕೊಮ್ಮೆ ಮುಳ್ಳಿನ ಆಚೆ ಇಟ್ಟುಹೋಗುತ್ತಿದ್ದರು, ಒಂದು ಹಗಲು ಬಿಸಿಲಿಗೆ ಬಿಟ್ಟು ಒಳಗೆ ತರುತ್ತಿದ್ದೆವು. ಹೊರಗಿನಿಂದ ಬಂದ ಊರಿನವರು ಯಾರೇ ಆಗಲಿ ಹದಿನೈದು ದಿನ ಕೆರೆ ಅಂಗಳದ ಕಡೆ ಮುಳ್ಳಿನ ಆಚೆಯ ಶಾಲೆಯಲ್ಲಿ ಇರಬೇಕು. ಒಳಗಿನವರು ಅವರ ಜೊತೆ ಕೂತೆದ್ದರೆ ಅವರಿಗೂ ಅದೇ ಹದಿನೈದು ದಿನ. ಈ ನಿಯಮ ಬರೆದವರಲ್ಲಿ ನಾನೂ ಒಬ್ಬ. ನನ್ನ ಕೈಬರಹ ದುಂಡಗಿದೆ ಎಂದು ನನ್ನಿಂದಲೇ ಬರೆಸಿ ಗುಡಿ ಗೋಡೆಗೆ ಅಂಟಿಸಿದರು.

ನಮ್ಮ ಲೆಕ್ಕಾಚಾರದಲ್ಲಿ ಬಿಟ್ಟುಹೋಗಿದ್ದು ಕರೆಂಟು. ಲೈನ್‌ಮ್ಯಾನ್ ಜ್ವರದಲ್ಲಿ ಮಲಗಿದ. ಅದೇ ವಾರ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಫೇಸ್ ಹೋಯಿತು. ಮೂರು ಫೇಸಿನ ಮೋಟಾರು ಎರಡು ಫೇಸಿನಲ್ಲಿ ಏಳುವುದಿಲ್ಲ. ಏಳಿಸುವ ಕಳ್ಳದಾರಿ ಒಂದಿದೆ, ನಮ್ಮ ಕಡೆಯ ರೈತರಿಗೆಲ್ಲ ಗೊತ್ತು: ಸ್ಟಾರ್ಟರಿಗೆ ಒಂದು ಕಂಡೆನ್ಸರ್ ಹಚ್ಚಿದರೆ ಇಲ್ಲದ ಫೇಸನ್ನು ಇದೆ ಎಂದು ನಂಬಿ ಮೋಟಾರು ತಿರುಗುತ್ತದೆ. ಎರಡು ಎತ್ತಿನ ಭಾರ ಒಂದರ ಹೆಗಲಿಗೆ ಬಿದ್ದ ಹಾಗೆ. ತೋಟದ ಸಣ್ಣ ಬೋರಿಗೆ ಒಂದು ಗಂಟೆ ಹೊತ್ತು ನಡೆದೀತು. ಇಡೀ ಊರಿನ ಟ್ಯಾಂಕು ತುಂಬಿಸಲು ನಡೆಯುವುದಿಲ್ಲ. ನನಗೆ ಇದು ಗೊತ್ತಿತ್ತು. ಆದರೂ ಕಂಡೆನ್ಸರ್ ಹಚ್ಚಿದೆ. ನಾಲ್ಕು ದಿನ ನೀರು ಬಂತು, ನಾಲ್ಕು ದಿನ ಎಲ್ಲರೂ ನನ್ನನ್ನು ಹೊಗಳಿದರು. ಐದನೇ ದಿನ ಸ್ಟಾರ್ಟರ್ ಟಪ್ ಎಂದು ಬಿತ್ತು. ಎತ್ತಿ ಹಾಕಿದೆ, ಮತ್ತೆ ಬಿತ್ತು. ವೈರು ಪರೀಕ್ಷಿಸುವ ಸೀರೀಸ್ ಬಲ್ಬ್ ತಂದು ಒಂದು ತುದಿ ಮೋಟಾರಿನ ವೈರಿಗೆ, ಇನ್ನೊಂದು ತುದಿ ಬೋರಿನ ಪೈಪಿಗೆ ಮುಟ್ಟಿಸಿದೆ. ಬಲ್ಬ್ ಹತ್ತಿಕೊಂಡಿತು. ಒಳಗೆ ವೈರಿನ ಸುತ್ತು ಸುಟ್ಟು ಕಬ್ಬಿಣಕ್ಕೆ ಅಂಟಿದೆ ಎಂದರ್ಥ.

ಅದಾದ ಎರಡನೇ ದಿನ ಲೈನ್‌ಮ್ಯಾನ್ ಎದ್ದು ಬಂದು ಫ್ಯೂಸ್ ಕಟ್ಟಿದ, ಮೂರನೇ ಫೇಸ್ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಟ್ಯಾಂಕರಿಗೆ ಫೋನು ಮಾಡಿದೆವು. ಅದರ ಡ್ರೈವರಿನ ಮನೆಯಲ್ಲೇ ಸಾವಾಗಿತ್ತು. ಉಳಿದದ್ದು ಗುಡಿ ಹಿಂದಿನ ಹಳೇ ಬಾವಿ. ನಲ್ಲಿ ಬಂದಮೇಲೆ ಅದರೊಳಗೆ ಒಡೆದ ಮಡಕೆ, ಹರಿದ ಚಾಪೆ, ಮದುವೆಯ ಎಂಜಲೆಲೆ ಎಲ್ಲ ಬಿದ್ದಿದ್ದವು. ಎಂಟು ಜನ ಒಂದು ಹಗಲು ಇಳಿದು ಹೂಳೆತ್ತಿದೆವು. ಬಂದ ಜಿನುಗನ್ನು ಎರಡು ಪದರ ಪಂಚೆಯಲ್ಲಿ ಸೋಸಿ, ಬ್ಲೀಚಿಂಗ್ ಹಾಕಿ, ಅರ್ಧ ಗಂಟೆ ಬಿಟ್ಟು ಹಂಚಿದೆ. ಮನೆಗೆ ಎರಡು ಕೊಡ. ದನಕ್ಕೆ ಬೇರೆ ಇಲ್ಲ, ಅದರಲ್ಲೇ. ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಭಯವಾಗಿದ್ದು.

ಮಿಸ್ತ್ರಿ ಆಗ ಶಾಲೆಯಲ್ಲಿದ್ದ. ನಮ್ಮೂರವನೇ, ನನಗಿಂತ ಎಂಟು ವರ್ಷ ಚಿಕ್ಕವನು, ಸುಟ್ಟ ಮೋಟಾರಿಗೆ ಹೊಸ ವೈರು ಸುತ್ತಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೇಸಿಗೆಯಲ್ಲಿ ಚನ್ನಗಿರಿ ಕಡೆ ಹೋಗಿ ಸೂಳೆಕೆರೆ ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅಲ್ಲಿ ಕೆಲಸ ನಿಂತು, ಬೈಕಿನ ಹಿಂದೆ ಸಾಮಾನು ಚೀಲ ಕಟ್ಟಿಕೊಂಡು ಬಂದವನನ್ನು ನಾವು ಮುಳ್ಳಿನ ಆಚೆಯೇ ನಿಲ್ಲಿಸಿದ್ದೆವು. ಅವನ ಹೆಂಡತಿ, ಮಗಳು ಒಳಗೆ. ರಂಜಾನ್ ತಿಂಗಳು, ಅವನಿಗೆ ರೋಜಾ, ಹಗಲಿನ ಉಪವಾಸ. ಹೆಂಡತಿ ಹೊತ್ತು ಮುಳುಗುವ ಮುಂಚೆ ಬಂದು ಮುಳ್ಳಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಬುತ್ತಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಅವನು ಬಂದು ತೆಗೆದುಕೊಳ್ಳುತ್ತಿದ್ದ. ಮಧ್ಯೆ ಹತ್ತು ಹೆಜ್ಜೆ. ಮಗಳು ಅಲ್ಲಿಂದಲೇ ಅಪ್ಪನಿಗೆ ಮಗ್ಗಿ ಒಪ್ಪಿಸುತ್ತಿತ್ತು.

ನಾನು ಮುಳ್ಳಿನ ಹತ್ತಿರ ಹೋಗಿ ನಿಂತಾಗ ಅವನೇ ಕೇಳಿದ.

"ಕಂಡೆನ್ಸರ್ ಹಚ್ಚಿದ್ಯಾ ಅಣ್ಣ?"

"ಹೂಂ."

"ಹಚ್ಚಬ್ಯಾಡ ಅಂತ ಎಷ್ಟು ಸಲ ಬಡ್ಕಂಡಿದ್ದೆ."

"ಬೈಯಿ. ಊರಾಗೆ ಯಾರೂ ಬೈತಿಲ್ಲ."

ಅವನು ನಕ್ಕ. ತನ್ನ ಚೀಲದಲ್ಲಿ ಎರಡು ಫೇಸಿಗೆ ಆಗುವಷ್ಟು ಹೊಸ ವೈಂಡಿಂಗ್ ವೈರು ಇದೆ, ಮೂರನೆಯದಕ್ಕೆ ಪಂಚಾಯ್ತಿ ಸ್ಟೋರಿನಲ್ಲಿರುವ ಸತ್ತ ಮೋಟಾರಿನಿಂದ ಬಿಚ್ಚಿದರಾಯಿತು ಅಂದ. ಒಂದೇ ತೊಡಕು. ನೀರಲ್ಲಿ ಮುಳುಗುವ ಮೋಟಾರಿನ ಕೊಳವೆ ಎರಡು ಅಡಿಗಿಂತ ಉದ್ದ. ಅದರ ಒಳಗೋಡೆಯಲ್ಲಿ ಇಪ್ಪತ್ನಾಲ್ಕು ಸೀಳು. ವೈರನ್ನು ಈ ಬಾಯಿಂದ ಆ ಬಾಯಿಗೆ ತಳ್ಳಬೇಕು, ಆ ಕಡೆ ಕೂತವನು ಎಳೆದು ಬಿಗಿ ಮಾಡಿ ಇನ್ನೊಂದು ಸೀಳಿನಿಂದ ವಾಪಸು ತಳ್ಳಬೇಕು. ಇಬ್ಬರ ಕೆಲಸ. ಅವನೆದುರು ಕೂರುವವನು ಗುಡಿ ಗೋಡೆಯ ನಿಯಮದ ಪ್ರಕಾರ ಹದಿನೈದು ದಿನ ಊರ ಹೊರಗೆ.

ಸುಟ್ಟವನು ನಾನು, ಕೂರಬೇಕಾದವನೂ ನಾನೇ. ಗೌಡರು ಒಪ್ಪಿದರು. ಆಶಾ ಅಕ್ಕ, ನಮ್ಮೂರ ಆಶಾ ಕಾರ್ಯಕರ್ತೆ, ಒಪ್ಪಲಿಲ್ಲ, ಆದರೆ ಬೇರೆ ದಾರಿ ಆಕೆಗೂ ಕಾಣಲಿಲ್ಲ. "ದಿನಾ ಎರಡು ಸಲ ಬರ್ತೀನಿ. ಇಬ್ರೂ ನನಗೆ ಖರೇ ಹೇಳ್ಬೇಕು" ಎಂದಳು. ಒಂದು ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಲ್ಲಿನ ಮೇಲೆ ಇಟ್ಟಳು.

ಮೋಟಾರು ಎತ್ತುವ ದಿನ ಮಿಸ್ತ್ರಿ ಶಾಲೆ ಮೆಟ್ಟಿಲ ಮೇಲೆ ದೂರ ಕೂತು ಕೂಗಿ ಹೇಳಿದ. ಎಂಟು ಜನ ಕೆರೆ ಅಂಗಳದ ಬೋರಿನ ಹತ್ತಿರ ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಹತ್ತೊಂಬತ್ತು ಪೈಪು ಒಂದೊಂದಾಗಿ ಎಳೆದರು. ಒಂದು ಪೈಪು ಮೇಲೆ ಬಂದಾಗ ಕೆಳಗಿನದಕ್ಕೆ ಕ್ಲಾಂಪ್ ಬಿಗಿಯದೆ ಮೇಲಿನದನ್ನು ಬಿಚ್ಚಿದರೆ ಇಡೀ ಸರ ಬೋರಿನೊಳಗೆ ಹೋದಂತೆ, ಆಮೇಲೆ ದೇವರೇ ತೆಗೆಯಬೇಕು. ಆ ಬಿಸಿಲಲ್ಲಿ ಹತ್ತೊಂಬತ್ತು ಸಲವೂ ಅವನು ಕೂಗಿದ: "ಕ್ಲಾಂಪ್ ಹಾಕಿದ್ರಾ? ಕೈ ಮುಟ್ಟಿ ನೋಡಿದ್ರಾ?" ಮೋಟಾರು ಮೇಲೆ ಬಂತು. ಎಂಟು ಜನ ಒಳಗೆ ಹೋದರು, ಅವರ ಹಿಂದೆ ಮುಳ್ಳು ಎಳೆದರು. ಆಚೆ ನಾವಿಬ್ಬರು ಉಳಿದೆವು.

ಮೊದಲ ದಿನ ಸುಟ್ಟ ಸುತ್ತನ್ನು ಕತ್ತರಿಸಿ ಎಳೆದೆವು. ಒಂದು ಸುತ್ತನ್ನು ಮಾತ್ರ ಕೆಡಿಸದೆ ಬಿಚ್ಚಿ ಎಷ್ಟು ಎಳೆ ಇವೆ ಎಂದು ಅವನು ಎರಡು ಸಲ ಎಣಿಸಿದ. ಆಮೇಲೆ ಸೀಳುಗಳನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿದ. ಒಂದು ಕಬ್ಬಿಣದ ಸಿಬಿರು ಉಳಿದರೆ ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಗೀರುತ್ತದೆ, ನೀರು ಒಳಗೆ ಹೋಗುತ್ತದೆ, ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಎದುರುಬದುರು ಕೂತೆವು, ಇಬ್ಬರ ಮುಖಕ್ಕೂ ಟವೆಲ್ ಕಟ್ಟಿಕೊಂಡು. ಅವನು ತಳ್ಳುತ್ತಿದ್ದ, ನಾನು ಎಳೆಯುತ್ತಿದ್ದೆ. ನನ್ನ ಎಳೆತ ಒರಟಾದಾಗ "ಮೆತ್ತಗೆ, ಎಮ್ಮೆ ಹಾಲು ಕರೆದಂಗೆ" ಅನ್ನುತ್ತಿದ್ದ. ಆ ದಿನ ಒಂದು ಫೇಸ್ ಮುಗಿಯಿತು. ಎರಡನೇ ದಿನ ಎರಡನೆಯದು. ಬಾಯಾರಿಕೆಯಿಂದ ನನ್ನ ತುಟಿ ಒಡೆದಿತ್ತು. ಅವನು ಬೆಳಗಿನ ಜಾವದಿಂದ ಹನಿ ನೀರಿಲ್ಲದೆ ಕೂತು, ನಾನು ಬಾಟಲಿ ಎತ್ತುವಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದ.

"ಇಂಥಾ ಕೆಲಸದಾಗೆ ರೋಜಾ ಬಿಟ್ರೆ ನಿಮ್ಮೋರು ಏನಾರ ಅಂತಾರಾ?" ಎಂದು ಕೇಳಿದೆ.

"ಅನ್ನಲ್ಲ. ಆಮ್ಯಾಲೆ ಹಿಡಿದು ತೀರಿಸ್ಬಹುದು. ತೀರಿಸಾಕೆ ಆಗದೆ ಹೋದ್ರೆ ಒಂದು ರೋಜಾಕ್ಕೆ ಒಬ್ಬ ಬಡವಂಗೆ ಎರಡು ಹೊತ್ತು ಉಣ್ಣಾಕೆ ಹಾಕ್ತಾರೆ ನಮ್ಮನ್ಯಾಗೆ. ಹನ್ನೊಂದನೇ ವಯಸ್ಸಿಂದ ನಾನು ಒಂದೂ ಬಿಟ್ಟಿಲ್ಲ ಅಣ್ಣ. ನಮ್ಮಾಕೆಗೆ ಅದೇ ಒಂದು ಹೆಮ್ಮೆ ನನ್ನ ಬಗ್ಗೆ. ಉಳಿದಿದ್ದೆಲ್ಲಾ ಬೈಗುಳಾನೇ."

ಮೂರನೇ ದಿನ ಸತ್ತ ಮೋಟಾರಿನ ವೈರು. ಅದನ್ನು ಬಿಚ್ಚಿ, ಅಡಿ ಅಡಿಯಾಗಿ ಬೆರಳ ನಡುವೆ ಎಳೆದು ಗೀರಿದೆಯೋ ಎಂದು ನೋಡಿ, ಬಕೆಟ್ಟಿನ ನೀರಲ್ಲಿ ನೆನೆಹಾಕಿ ಬಲ್ಬ್ ಹಚ್ಚಿ ಪರೀಕ್ಷಿಸಬೇಕು. ನಿಧಾನದ ಕೆಲಸ. ಹತ್ತು ಗಂಟೆಗೆ ವೈರು ಅವನ ಕೈತಪ್ಪಿ ಎರಡು ಸಲ ಬಿತ್ತು. ಹನ್ನೆರಡರ ಹೊತ್ತಿಗೆ ಅವನು ಗೋಡೆಗೆ ಒರಗಿ, ನನ್ನ ಕಡೆ ನೋಡದೆ, ಅಂದ:

"ಅಣ್ಣ, ಒಂದು ಗುಟುಕು ನೀರು ಕೊಡ್ತೀಯಾ?"

ಬಾಟಲಿ ಅವನ ಕಡೆ ಉರುಳಿಸಿದೆ. ಅರ್ಧ ಕುಡಿದ. ಹನ್ನೊಂದನೇ ವಯಸ್ಸಿನಿಂದ ಬಿಡದವನು ನಡುಹಗಲಲ್ಲಿ ನೀರು ಕೇಳಿದ ಅಂದರೆ ಅದಕ್ಕೆ ಥರ್ಮಾಮೀಟರ್ ಬೇಕಿರಲಿಲ್ಲ. ಆದರೂ ಇಟ್ಟುಕೊಂಡ. ನೂರ ಎರಡು. ಬೆರಳಿಗೆ ಸಿಕ್ಕಿಸಿದ್ದು ತೊಂಬತ್ತೊಂದು ತೋರಿಸಿತು. ತೊಂಬತ್ನಾಲ್ಕಕ್ಕಿಂತ ಕೆಳಗೆ ಹೋದರೆ ಆ ಕ್ಷಣ ಕೂಗಿ ಎಂದು ಆಶಾ ಅಕ್ಕ ಹೇಳಿದ್ದಳು.

"ಎದ್ದು ಆ ಹೊಂಗೆ ಮರದ ಕೆಳಗೆ ಹೋಗು ಅಣ್ಣ" ಅಂದ. "ಇನ್ನು ಹತ್ರ ಕೂರಬ್ಯಾಡ."

"ನಿನ್ನ ಜಗಳೂರಿಗೆ ಕಳಿಸ್ತೀನಿ, ಈಗಲೇ ಫೋನ್ ಮಾಡ್ತೀನಿ."

"ಮಾಡು. ಆದ್ರೆ ಮೂರನೇ ಫೇಸ್ ಯಾರು ಕಟ್ತಾರೆ? ಇನ್ನು ಒಂದೇ ದಿನ. ಬಾವಿ ನೀರು ಎಷ್ಟು ದಿನ ಬರ್ತೈತೆ ಹೇಳು."

ಆ ಬೆಳಿಗ್ಗೆ ಬಾವಿಯಲ್ಲಿ ಕೆಸರು ಬಂದಿತ್ತು. ಎರಡು ಕೊಡ ಒಂದಾಗಿತ್ತು. ಮೂರು ಮಕ್ಕಳಿಗೆ ವಾಂತಿಭೇದಿ ಶುರುವಾಗಿತ್ತು, ಅದರಲ್ಲಿ ಒಂದು ಅವನ ಮಗಳು. ಅದು ಅವನಿಗೂ ಗೊತ್ತಿತ್ತು.

ಆಗ ನನ್ನೆದುರು ಎರಡು ದಾರಿ ಇದ್ದವು ಅಂತ ಈಗ ಅನ್ನಿಸುತ್ತದೆ. ಅವನನ್ನು ಆಸ್ಪತ್ರೆಗೆ ಕಳಿಸಿ, ನೀರಿನ ಹಣೆಬರಹ ಆಮೇಲೆ ನೋಡಿಕೊಳ್ಳುವುದು. ಅಥವಾ ಅವನೆದುರು ಕೂತು, ಬರುವ ಜ್ವರ ನನಗೂ ಬರಲಿ ಎಂದು, ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಸುವುದು. ನಾನು ಎರಡನ್ನೂ ಮಾಡಲಿಲ್ಲ. ಎದ್ದು ಹೊಂಗೆ ಮರದ ಕೆಳಗೆ ಹೋದೆ.

ಸಂಜೆ ಆಶಾ ಅಕ್ಕ ಮುಳ್ಳಿನ ಹತ್ತಿರ ಬಂದಳು. ಪಕ್ಕದಲ್ಲೇ ಬುತ್ತಿ ಹಿಡಿದು ಮಿಸ್ತ್ರಿಯ ಹೆಂಡತಿ ನಿಂತಿದ್ದಳು. ಮಿಸ್ತ್ರಿ ಮೋಟಾರಿನ ಮೇಲೆ ಬಗ್ಗಿದ್ದವನು ತಲೆ ಎತ್ತಿ ನನ್ನ ಕಡೆ ನೋಡಿ ಹೇಳಬೇಡ ಎಂದು ಕೈ ಆಡಿಸಿದ.

"ಏನಣ್ಣ, ಮಿಸ್ತ್ರಿ ಬಾಳ ಸಪ್ಪಗದಾನೆ. ಜ್ವರ ಗಿರ ಐತಾ?" ಎಂದಳು ಆಶಾ ಅಕ್ಕ.

"ಇಲ್ಲಕ್ಕ. ರೋಜಾ ಅಲ್ವಾ, ಸುಸ್ತಾಗಿದಾನೆ" ಅಂದೆ.

ಹೆಂಡತಿ ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅವನು ಬುತ್ತಿ ತೆಗೆದುಕೊಳ್ಳಲು ಬಂದಾಗ ನೆಟ್ಟಗೆ ನಡೆದು ಬಂದ. ಆ ಹತ್ತು ಹೆಜ್ಜೆ ನಡೆಯಲು ಅವನು ಎಷ್ಟು ಕಷ್ಟಪಟ್ಟ ಎಂಬುದು ನನಗೆ ಮಾತ್ರ ಗೊತ್ತು. ಬುತ್ತಿಯನ್ನು ಅವನು ಬಿಚ್ಚಲೇ ಇಲ್ಲ.

ಮಾರನೇ ದಿನ ಅವನು ಒಬ್ಬನೇ ಕಟ್ಟಿದ. ಈ ಬಾಯಲ್ಲಿ ವೈರು ತಳ್ಳಿ, ಎದ್ದು ಸುತ್ತಿ ಆ ಬಾಯಿಗೆ ಹೋಗಿ ಕೂತು ಎಳೆದು, ಅಲ್ಲಿಂದ ತಳ್ಳಿ, ಮತ್ತೆ ಎದ್ದು ಈ ಕಡೆ. ಎಷ್ಟು ಸಲ ಎದ್ದು ಕೂತ ಎಂದು ನಾನು ಎಣಿಸಲಿಲ್ಲ, ಎಣಿಸುವ ಧೈರ್ಯ ಇರಲಿಲ್ಲ. ಮಧ್ಯೆ ಕೆಮ್ಮು ಬಂದಾಗ ಮೋಟಾರಿಗೆ ಬೆನ್ನು ಮಾಡಿ ಕೆಮ್ಮುತ್ತಿದ್ದ. ನಾನು ಮೂವತ್ತು ಅಡಿ ದೂರದಲ್ಲಿ ಕೂತು ನೀರಿನ ಬಾಟಲಿ ಉರುಳಿಸುತ್ತಿದ್ದೆ. ನನ್ನಿಂದ ಆದ ಸಹಾಯ ಅಷ್ಟು. ಆಶಾ ಅಕ್ಕ ಬಂದಾಗ ಸುಸ್ತು ಎಂಬ ಅದೇ ಮಾತು ಹೇಳಿ ಕಳಿಸಿದೆ. ಹೊತ್ತು ಇಳಿಯುವಾಗ ಕೊನೆಯ ಗಂಟು ಹಾಕಿ, ಮುಚ್ಚಳ ಬಿಗಿದು, ಬಲ್ಬ್ ಹಚ್ಚಿ ಕಬ್ಬಿಣಕ್ಕೆ ಮುಟ್ಟಿಸಿದ. ಬಲ್ಬ್ ಹತ್ತಲಿಲ್ಲ. ಅಂದರೆ ಸುತ್ತು ಶುದ್ಧ. ಅವನು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ.

ಮುಳುಗುವ ಮೋಟಾರನ್ನು ಬೋರಿಗೆ ಬಿಡುವ ಮುಂಚೆ ಅದರ ಹೊಟ್ಟೆಗೆ ಕುಡಿಯುವಂಥ ನೀರು ತುಂಬಬೇಕು. ಆ ನೀರು ಕಳಿಸಿದವಳು ಅವನ ಹೆಂಡತಿ. ಅವತ್ತಿನ ಅವಳ ಪಾಲಿನ ಒಂದು ಕೊಡದಲ್ಲಿ ಅರ್ಧ.

ಬೆಳಿಗ್ಗೆ ಎಂಟು ಜನ ಬಂದು ಪೈಪು ಇಳಿಸಿದರು. ಈ ಸಲ ಕ್ಲಾಂಪ್ ಹಾಕಿದ್ರಾ ಎಂದು ಕೇಳುವವನು ಶಾಲೆಯ ಒಳಗೆ ಮಲಗಿದ್ದ. ನಾನು ಕೇಳಿದೆ, ಹತ್ತೊಂಬತ್ತು ಸಲವೂ. ಸ್ವಿಚ್ ಹಾಕಿದಾಗ ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು ಬಂತು. ಊರೊಳಗೆ ಹೆಂಗಸರು ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರಂತೆ. ನಾನು ಶಾಲೆಗೆ ಓಡಿದೆ. ಬೆರಳಿನ ಮಿಷನ್ ಎಂಬತ್ತಮೂರು ತೋರಿಸುತ್ತಿತ್ತು.

ಆಮೇಲೆ ಆಶಾ ಅಕ್ಕನನ್ನು ಕೂಗಿದೆ. ಆಕೆ ನನ್ನನ್ನು ಒಂದು ಸಲ ನೋಡಿ ಫೋನು ಹಿಡಿದಳು. ಮುಳ್ಳು ಎಳೆದು ಗೂಡ್ಸ್ ಆಟೋವನ್ನು ಶಾಲೆಯವರೆಗೆ ಬಿಟ್ಟರು. ಅವನನ್ನು ಎತ್ತಿ ಕೂರಿಸಿದವನು ನಾನು. "ನೀರು ಎಷ್ಟು ಇಂಚು ಬಂತು?" ಎಂದು ಕೇಳಿದ. "ಎರಡು" ಅಂದೆ. ನಿಜಕ್ಕೂ ಎರಡು ಇಂಚು ಬಂದಿತ್ತು. ಆ ಮೂರು ದಿನಗಳಲ್ಲಿ ನಾನು ಹೇಳಿದ ನಿಜ ಅದೊಂದೇ ಇರಬೇಕು.

ಜಗಳೂರಿನಲ್ಲಿ ಒಂದು ದಿನ ಇಟ್ಟುಕೊಂಡು ದಾವಣಗೆರೆಗೆ ಕಳಿಸಿದರು. ಆರನೇ ದಿನ ತೀರಿಕೊಂಡ. ಹೆಣ ಊರಿಗೆ ಬರಲಿಲ್ಲ, ಅಲ್ಲೇ ಯಾರೋ ಪುಣ್ಯಾತ್ಮರು ಮಣ್ಣು ಮಾಡಿದರು. ನನಗೂ ನಾಲ್ಕು ದಿನ ಮೈ ಬಿಸಿಯಾಯಿತು, ಇಳಿಯಿತು. ಮೂವತ್ತು ಅಡಿ ದೂರ ಕೂತದ್ದಕ್ಕೆ ನಾನು ಉಳಿದೆನೋ, ಸುಮ್ಮನೆ ಉಳಿದೆನೋ ತಿಳಿಯದು. ನನ್ನ ಹದಿನೈದು ದಿನ ಆ ಶಾಲೆಯಲ್ಲೇ ಕಳೆಯಿತು. ಅವನ ಚಾಪೆ ಒಂದು ಮೂಲೆಯಲ್ಲಿತ್ತು. ಅದರ ಕಡೆ ಬೆನ್ನು ಮಾಡಿ ಮಲಗುತ್ತಿದ್ದೆ, ನಿದ್ದೆ ಬರುತ್ತಿರಲಿಲ್ಲ. ಅಷ್ಟು ಅತ್ತದ್ದು ನಾನು ನನ್ನ ಅಪ್ಪ ಸತ್ತಾಗಲೂ ಇಲ್ಲ.

ಮುಳ್ಳು ತೆಗೆದ ಮೇಲೆ ಅವನ ಮನೆಗೆ ಹೋದೆ. ಮಗಳು ಹುಷಾರಾಗಿತ್ತು. ಅವನ ಹೆಂಡತಿ ಒಳಬಾಗಿಲಿಗೆ ಒರಗಿ ಕೂತಿದ್ದಳು. ಅಲ್ಲಿಂದಲೇ ಕೇಳಿದಳು:

"ಅಣ್ಣ, ಕೊನೇ ದಿನಗಳಾಗೆ ಅವ್ರ ಜೊತೆ ನೀವೊಬ್ರೇ ಇದ್ರಿ. ಆಸ್ಪತ್ರೆಗೆ ಹೋಗೋ ಮುಂಚೆ ಅವ್ರು ರೋಜಾ ಏನಾದ್ರೂ ಬಿಟ್ಟಿದ್ರಾ? ಬಿಟ್ಟಿದ್ರೆ ಹೇಳ್ರಿ. ಅವ್ರ ಹೆಸರಲ್ಲಿ ಬಡವರಿಗೆ ಉಣ್ಣಾಕೆ ಹಾಕ್ಬೇಕು. ಆಸ್ಪತ್ರೆ ದಿನಗಳದ್ದು ಹಾಕಿದೀನಿ. ಅದಕ್ಕೆ ಮುಂಚಿಂದು ಗೊತ್ತಿಲ್ಲ."

ಬಿಟ್ಟಿದ್ದ ಅಂದರೆ ಯಾಕೆ ಬಿಟ್ಟ ಎಂಬ ಮಾತು ಬರುತ್ತದೆ. ಜ್ವರ ಇತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ನಿನ್ನೆದುರೇ ಇಲ್ಲ ಅಂದೆ ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

"ಇಲ್ಲ ತಂಗಿ. ಒಂದೂ ಬಿಡಲಿಲ್ಲ" ಅಂದೆ.

ಅವಳು ಕಣ್ಣೊರೆಸಿಕೊಂಡು, "ನನಗೊತ್ತಿತ್ತು" ಅಂದಳು. ಆ ಅಳುವಿನಲ್ಲೂ ಅವಳ ಮುಖದಲ್ಲಿ ಅವನು ಹೇಳಿದ ಹೆಮ್ಮೆ ಕಂಡಿತು.

ಮೋಟಾರು ಮೂರು ವರ್ಷ ಓಡಿತು. ಹೋದ ಬೇಸಿಗೆಯಲ್ಲಿ ನಿಂತಾಗ ಕಂಡೆನ್ಸರ್ ಇರಲಿಲ್ಲ, ಯಾರ ತಪ್ಪೂ ಇರಲಿಲ್ಲ, ವಯಸ್ಸಾಗಿತ್ತು. ಹೊನ್ನಾಳಿ ಕಡೆಯ ಒಬ್ಬ ಮಿಸ್ತ್ರಿ ಬಂದ. ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು, ಬಹಳ ಹೊತ್ತು ಒಳಗೆ ನೋಡಿದ.

"ಯಾರ್ರೀ ಕಟ್ಟಿದ್ದು ಇದನ್ನ? ಈ ಎರಡು ಫೇಸ್ ನೋಡ್ರಿ, ಹೂವಿನ ದಂಡೆ ಕಟ್ಟಿದಂಗೈತೆ. ಮೂರನೇದು ಬ್ಯಾರೆ ಯಾರೋ ಕಟ್ಟಿರ್ಬೇಕು. ಒಂದು ಬಿಗಿ, ಒಂದು ಸಡಿಲ."

"ಮೂರೂ ಒಬ್ನೇ ಕಟ್ಟಿದ್ದು" ಅಂದೆ.

"ಹಂಗಾದ್ರೆ ಮೂರನೇದು ಕಟ್ಟೋವಾಗ ಅವನಿಗೆ ಆರಾಮ ಇರಲಿಲ್ಲ ಬಿಡ್ರಿ" ಎಂದು ಅವನು ಕತ್ತರಿ ತೆಗೆದುಕೊಂಡ.

ಇದು ಯಾರೋ ಅಪರಿಚಿತನಿಗೆ ಒಂದು ನಿಮಿಷದಲ್ಲಿ ಕಂಡಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೆಟ್ಟಗೆ ನಮ್ಮ ಮಿಸ್ತ್ರಿಯ ಮನೆಗೆ ಹೋದೆ. ಮಧ್ಯಾಹ್ನ, ಮಗಳು ಆಡಲು ಹೋಗಿತ್ತು. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ನಿಂತೇ ಹೇಳಿದೆ. ಎರಡು ರೋಜಾ ಬಿಟ್ಟಿದ್ದ ತಂಗಿ, ಮೂರನೇ ದಿನದ್ದು, ನಾಲ್ಕನೇ ದಿನದ್ದು. ನೀರು ಕೇಳಿದ, ನಾನೇ ಕೊಟ್ಟೆ. ಜ್ವರ ನೂರ ಎರಡಿತ್ತು. ಅವತ್ತು ಬೇಲಿ ಹತ್ತಿರ ನಿನ್ನೆದುರು ಹೇಳಿದ್ದು ಸುಳ್ಳು. ಆಮೇಲೆ ಈ ಮನೆಯಲ್ಲಿ ಕೂತು ಹೇಳಿದ್ದೂ ಸುಳ್ಳು.

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗ ತೆಗೆದು ಪಕ್ಕಕ್ಕಿಟ್ಟಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಕೂತ್ಕಳ್ರಿ" ಅಂದಳು.

"ಬಡವರಿಗೆ ಹಾಕ್ಬೇಕಲ್ಲ ತಂಗಿ. ನಾನು..."

"ಕೂತ್ಕಳ್ರಿ ಅಣ್ಣ."

ಕೂತೆ. ಮೊದಲು ಒಂದು ಚೊಂಬು ನೀರು ತಂದು ಇಟ್ಟಳು. ಆಮೇಲೆ ತಟ್ಟೆಯಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಈರುಳ್ಳಿ. ಎದುರು ನಿಂತು, ನಾನು ಕೊನೆಯ ತುತ್ತು ನುಂಗುವವರೆಗೂ ನೋಡಿದಳು. ತಟ್ಟೆ ತೊಳೆಯಲು ಎತ್ತಿಕೊಂಡಾಗ ಅವಳು ನನ್ನ ಕೈಯಿಂದ ತೆಗೆದುಕೊಂಡಳು.

"ಎರಡು ರೋಜಾಕ್ಕೆ ನಾಲ್ಕು ಹೊತ್ತು. ಒಂದು ಆತು. ಸಂಜೆಗೆ ಬರ್ರಿ, ನಾಳೆ ಎರಡು ಹೊತ್ತು ಬರ್ರಿ. ಆಮ್ಯಾಲೆ ಈ ಮನೆಗೆ ಬರಬ್ಯಾಡ್ರಿ."

ಸಂಜೆ ಹೋದೆ. ಮಾರನೇ ದಿನ ಎರಡು ಹೊತ್ತೂ ಹೋಗಿ ಉಂಡು ಬಂದೆ.